ಕಡತದಿಂದ ಕೃತಕ ಬುದ್ಧಿಯವರೆಗೆ: ವ್ಯಾಪಾರದ ಮಾತಿನ ಚರಿತ್ರೆ



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಅಂತ ಹಿರಿಯರು ಹೇಳಿಟ್ಟಿದ್ದಾರೆ. ಈಗಿನ ಕಾಲಕ್ಕೆ ಅದರ ಬಾಲಕ್ಕೆ ಇನ್ನೊಂದು ತುಂಡು ಜೋಡಿಸಬಹುದೇನೋ. ಸ್ಲೈಡು ಬಲ್ಲವನಿಗೆ ಸಾಲಕ್ಕೆ ಬರವಿಲ್ಲ!

ತಮಾಷೆಯ ಮಾತಲ್ಲ. ಇವತ್ತು ಯಾವ ವ್ಯಾಪಾರ ಶುರು ಮಾಡಬೇಕೆಂದರೂ ಯಾರೋ ಒಬ್ಬರ ಮುಂದೆ ನಿಂತು ವಿವರಿಸಬೇಕು. ಬಂಡವಾಳ ಎಷ್ಟು, ಖರ್ಚು ಎಷ್ಟು, ಸರಕು ಎಲ್ಲಿಂದ ಬರುತ್ತದೆ, ಯಾರು ಕೊಳ್ಳುತ್ತಾರೆ, ಸಾಲ ಹೇಗೆ ತೀರಿಸುತ್ತೀರಿ... ಇದನ್ನೇ ಚಿತ್ರ, ಅಂಕಿ, ನಕ್ಷೆಗಳ ಜೊತೆ ಪರದೆಯ ಮೇಲೆ ತೋರಿಸಿ ಹೇಳಿದರೆ ಅದಕ್ಕೆ ಪ್ರೆಸೆಂಟೇಶನ್ ಅಂತ ಹೆಸರು. ಹಿಂದೆ ಇದು ಬೆಂಗಳೂರು, ಹೈದರಾಬಾದಿನ ದೊಡ್ಡ ಕಂಪನಿಗಳ ಮಾತಾಗಿತ್ತು. ಈಗ ಡ್ವಾಕ್ರಾ ಗುಂಪಿನ ಹೆಣ್ಣುಮಕ್ಕಳಿಗೂ, ಡಿಗ್ರಿ ಮುಗಿಸಿ ಊರಲ್ಲೇ ಏನಾದರೂ ಮಾಡೋಣ ಅನ್ನುವ ಹುಡುಗರಿಗೂ ಬಂದಿದೆ. ಜೊತೆಗೆ ಹೊಸದೊಂದು ಬಂದಿದೆ. ಒಂದು ಸಾಲು ಬರೆದು ಕೇಳಿದರೆ ಒಂದೇ ನಿಮಿಷದಲ್ಲಿ ಹತ್ತು ಸ್ಲೈಡು ಮಾಡಿಕೊಡುವ ಕೃತಕ ಬುದ್ಧಿಮತ್ತೆ, ಅಂದರೆ ಎಐ.

"ಮೇಷ್ಟ್ರೇ, ಇದನ್ನ ನಂಬಬಹುದಾ?" ಅಂತ ಕೇಳುವವರು ಹೆಚ್ಚಾಗಿದ್ದಾರೆ. ಇದಕ್ಕೆ ಹೌದು, ಅಲ್ಲ ಅಂತ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ನಾನು ಚರಿತ್ರೆ ಪಾಠ ಮಾಡುವವನು. ಚರಿತ್ರೆಯ ದಾರಿಯಲ್ಲೇ ಹೋಗಿ ನೋಡೋಣ. ವ್ಯಾಪಾರಿ ತನ್ನ ಮಾತನ್ನು ಇನ್ನೊಬ್ಬರ ಮುಂದೆ ಇಡಲು ಯಾವ ಯಾವ ಕಾಲದಲ್ಲಿ ಏನೇನು ಬಳಸಿದ, ಆಗ ಆ ಮಾತಿಗೆ ಜವಾಬ್ದಾರಿ ಯಾರದಾಗಿತ್ತು, ಅದನ್ನು ನೋಡಿದರೆ ಉತ್ತರ ತಾನೇ ಸಿಗುತ್ತದೆ.

ಕಲ್ಲಿನ ಮೇಲಿನ ಪರಿಚಯ

ನಮ್ಮ ಅಗಳಿ ಇರುವುದು ಮಡಕಶಿರಾ ಸೀಮೆಯಲ್ಲಿ. ಪಕ್ಕದಲ್ಲೇ ಕರ್ನಾಟಕದ ಶಿರಾ. 2022ರ ಏಪ್ರಿಲ್‌ವರೆಗೆ ನಮ್ಮದು ಅನಂತಪುರ ಜಿಲ್ಲೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ಇದೇ ಸೀಮೆಯ ಅಮರಾಪುರಂ ಮಂಡಲದ ಹೇಮಾವತಿಯೇ ಶಾಸನಗಳಲ್ಲಿ ಬರುವ ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದ ನೊಳಂಬ ಪಲ್ಲವರ ರಾಜಧಾನಿ. ಈ ನೆಲಕ್ಕೆ ಕನ್ನಡ ಬರಹ ನಿನ್ನೆ ಮೊನ್ನೆಯದಲ್ಲ ಅಂತ ನೆನಪಿಸಲು ಇಷ್ಟು ಹೇಳಿದೆ.

ಆ ಕಾಲದ ವ್ಯಾಪಾರಿಗಳಲ್ಲಿ ದೊಡ್ಡ ಹೆಸರು ಅಯ್ಯಾವೊಳೆ ಐನೂರ್ವರದು. ಅಯ್ಯಾವೊಳೆ ಅಂದರೆ ಈಗಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಈ ವರ್ತಕ ಸಂಘದವರ ಶಾಸನಗಳು ಕರ್ನಾಟಕದಲ್ಲಿವೆ, ಆಂಧ್ರದಲ್ಲಿವೆ, ತಮಿಳುನಾಡಿನಲ್ಲಿವೆ. ಕಡಲಾಚೆ ಸುಮಾತ್ರಾ ದ್ವೀಪದ ಬಾರೂಸಿನಲ್ಲೂ 1088ರ ಒಂದು ತಮಿಳು ಶಾಸನ ಐನೂರ್ವರನ್ನು ಹೆಸರಿಸುತ್ತದೆ. ನೋಡಿ, ಎಲ್ಲಿಂದ ಎಲ್ಲಿಗೆ!

ಇವರ ಶಾಸನಗಳ ಮೊದಲಿಗೆ ಉದ್ದನೆಯ ಪ್ರಶಸ್ತಿ ಬರುತ್ತದೆ. ನಾವು ಇಂಥವರು, ಇಂಥ ಇಂಥ ದೇಶಗಳನ್ನು ತಿರುಗಿದವರು, ಆನೆ, ಕುದುರೆ, ರತ್ನ, ಗಂಧ, ಕರ್ಪೂರ ವ್ಯಾಪಾರ ಮಾಡುವವರು, ಕೊಟ್ಟ ಮಾತಿಗೆ ತಪ್ಪದವರು ಅಂತ ತಮ್ಮನ್ನು ತಾವೇ ಹೊಗಳಿಕೊಳ್ಳುವ ಭಾಗ ಅದು. ಇವತ್ತಿನ ಕಂಪನಿಗಳ ಮೊದಲ ಸ್ಲೈಡಿನಲ್ಲಿ 'ನಮ್ಮ ಬಗ್ಗೆ' ಅಂತ ಇರುತ್ತದಲ್ಲ, ಅದೇ! ಉತ್ಪ್ರೇಕ್ಷೆ ಆಗಲೂ ಇತ್ತು, ಈಗಲೂ ಇದೆ. ಆದರೆ ಪ್ರಶಸ್ತಿ ಮುಗಿದ ಮೇಲೆ ಶಾಸನದ ಧಾಟಿ ಬದಲಾಗುತ್ತದೆ. ಯಾವ ಸರಕಿನ ಮೇಲೆ ಎಷ್ಟು ಸುಂಕ, ಯಾವ ದೇವಸ್ಥಾನಕ್ಕೆ ಎಷ್ಟು ದಾನ, ಯಾರು ಕೊಟ್ಟರು ಅನ್ನುವ ಲೆಕ್ಕದ ಮಾತು ಬರುತ್ತದೆ. ಆ ಕಲ್ಲನ್ನು ಊರ ಮಧ್ಯೆ ನಿಲ್ಲಿಸುತ್ತಿದ್ದರು. ನಾಳೆ ಅಳಿಸಿ ಬೇರೆ ಬರೆಯುವ ಹಾಗಿಲ್ಲ. ಹೊಗಳಿಕೆಗೆ ರಿಯಾಯಿತಿ ಇತ್ತು, ಲೆಕ್ಕಕ್ಕೆ ಇರಲಿಲ್ಲ.

ಹುಣಸೆಬೀಜ ಮತ್ತು ಕಡತ

ಸರ್ಕಾರಿ ಕಚೇರಿಗೆ ಹೋದರೆ "ಕಡತ ಮೇಲಿನವರ ಹತ್ತಿರ ಇದೆ" ಅನ್ನುತ್ತಾರೆ. ಕಡತ ಅಂದರೆ ಫೈಲು ಅಂತ ನಮಗೆಲ್ಲ ಗೊತ್ತು. ಆದರೆ ಮೂಲದಲ್ಲಿ ಕಡತ ಅಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸಿದರೆ ಗಟ್ಟಿಯಾದ ಕಪ್ಪು ಹಾಳೆ ಆಗುತ್ತದೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ ಇಟ್ಟುಕೊಳ್ಳುತ್ತಿದ್ದರು. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ವರ್ತಕರು, ಶಾನುಭೋಗರು, ಮಠಗಳವರು ಇದರಲ್ಲೇ ಲೆಕ್ಕ ಇಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರೆ ಬರೆಯುವವರಿಗೆ ಇವತ್ತಿಗೂ ಒಳ್ಳೆಯ ಆಕರ.

ಹುಣಸೆ ನಮ್ಮ ಸೀಮೆಯ ಸರಕು. ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆ ಹೆಸರುವಾಸಿ. ಹಣ್ಣು ಮಾರಿದ ಲೆಕ್ಕವನ್ನು ಅದೇ ಹಣ್ಣಿನ ಬೀಜದ ಅಂಟು ಬಳಿದ ಬಟ್ಟೆಯ ಮೇಲೆ ಬರೆಯಬಹುದಾಗಿದ್ದ ಕಾಲ ಒಂದಿತ್ತು ಅಂದರೆ ಮಕ್ಕಳಿಗೆ ಆಶ್ಚರ್ಯ ಆಗುತ್ತದೆ.

ಕಡತ ಒರೆಸಬಹುದಾದ ಪುಸ್ತಕ. ಹಾಗಾದರೆ ಮೋಸ ಮಾಡಬಹುದಿತ್ತಲ್ಲ ಅಂತ ಒಬ್ಬ ಹುಡುಗ ಕ್ಲಾಸಿನಲ್ಲಿ ಕೇಳಿದ್ದ. ಮಾಡಬಹುದಿತ್ತು. ಆದರೆ ಬರೆದವನ ಕೈಬರಹ ಊರಿಗೆಲ್ಲ ಗೊತ್ತಿರುತ್ತಿತ್ತು. ಲೆಕ್ಕ ಬರೆದವನು, ಓದಿ ಹೇಳುವವನು, ತಪ್ಪಾದರೆ ತಲೆ ಕೊಡುವವನು ಒಬ್ಬನೇ ಆಗಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಲೆಕ್ಕ, ಬೇರೆ ಭಾಷೆ

1800ರಲ್ಲಿ ಹೈದರಾಬಾದಿನ ನಿಜಾಮ ಈ ಭಾಗವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಸೀಮೆ ಅಂತಲೇ ಇದಕ್ಕೆ ಹೆಸರಾಯಿತು. ಈಗಿನ ಬಳ್ಳಾರಿ, ಅನಂತಪುರ, ಕಡಪ ಎಲ್ಲ ಅದರಲ್ಲಿದ್ದವು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ. ಹೊಲ ಹೊಲ ಅಳೆಸಿ ರೈತವಾರಿ ಕಂದಾಯ ಕಟ್ಟಿದವನು ಅವನೇ.

ಹಳ್ಳಿಯ ಲೆಕ್ಕ ಶಾನುಭೋಗನ ಕೈಯಲ್ಲಿ ಊರ ಭಾಷೆಯಲ್ಲೇ ಇತ್ತು. ಮದ್ರಾಸಿಗೆ ಹೋಗುವ ವರದಿ ಮಾತ್ರ ಇಂಗ್ಲಿಷಿನಲ್ಲಿ. ರೈತನ ಹೊಲದ ಅಂಕಿ ಅವನಿಗೆ ಓದಲು ಬಾರದ ಭಾಷೆಯಲ್ಲಿ ಮೇಲಕ್ಕೆ ಹೋಯಿತು. ಮೇಲೆ ತೀರ್ಮಾನವಾಗಿ, ಮತ್ತೆ ಅವನ ಮೇಲೆ ಕಂದಾಯವಾಗಿ ಕೆಳಗಿಳಿಯಿತು. ತನ್ನ ಬಗ್ಗೆ ಏನು ಬರೆದಿದ್ದಾರೆ ಅಂತ ಕೇಳುವ ದಾರಿ ಅವನಿಗಿರಲಿಲ್ಲ.

ಈ ಕಥೆ ಕಂಪನಿಯ ಜೊತೆ ಮುಗಿಯಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಯಿತು. ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ಮಡಕಶಿರಾ ಅನಂತಪುರ ಜಿಲ್ಲೆಯ ಜೊತೆ ಆಂಧ್ರದಲ್ಲೇ ಇತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬ್ಯಾಂಕಿನ ಕಾಗದದಲ್ಲಿ ಇಂಗ್ಲಿಷ್. ಇದು ನಮ್ಮ ಗಡಿಯವರ ದಿನಚರಿ. ತೆಲುಗಿನ ಮೇಲೆ ನಮಗೆ ಯಾವ ಬೇಸರವೂ ಇಲ್ಲ, ಅಣ್ಣತಮ್ಮಂದಿರ ಭಾಷೆ ಅದು. ಆದರೆ ತನ್ನ ವ್ಯಾಪಾರವನ್ನು ತಾನೇ ವಿವರಿಸಬೇಕಾದ ಕಡೆ ಇನ್ನೊಬ್ಬರ ಬಾಯಿ ಸಾಲ ಕೇಳುವ ಕಷ್ಟ ಗಡಿಯವನಿಗೇ ಗೊತ್ತು.

ಕಂಬದ ನಕ್ಷೆ ಹುಟ್ಟಿದ ಬಗೆ

ಈಗ ಸ್ವಲ್ಪ ಹೊರಗಿನ ಪ್ರಪಂಚ. ಸ್ಲೈಡುಗಳಲ್ಲಿ ಕಂಬದ ಚಿತ್ರ, ಏರಿಳಿಯುವ ಗೆರೆ, ರೊಟ್ಟಿ ತುಂಡಿನಂಥ ಚಕ್ರ ನೋಡಿರುತ್ತೀರಿ. ಶಾಲೆಯ ಗಣಿತದಲ್ಲೂ ಇವೆ. ಇವನ್ನು ವ್ಯಾಪಾರದ ಲೆಕ್ಕಕ್ಕೆ ತಂದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1786ರಲ್ಲಿ ಅವನು ಇಂಗ್ಲೆಂಡಿನ ಆಮದು ರಫ್ತುಗಳನ್ನು ಗೆರೆಗಳಲ್ಲಿ ಬರೆದು ಪುಸ್ತಕ ಮಾಡಿದ. ಚಕ್ರದ ನಕ್ಷೆ 1801ರ ಇನ್ನೊಂದು ಪುಸ್ತಕದಲ್ಲಿ ಬಂತು.

ಕಂಬದ ನಕ್ಷೆ ಹುಟ್ಟಿದ ಕಾರಣ ಕೇಳಿದರೆ ಖುಷಿ ಆಗುತ್ತದೆ. ಬೇರೆ ದೇಶಗಳದ್ದು ವರ್ಷ ವರ್ಷದ ಅಂಕಿ ಅವನ ಹತ್ತಿರ ಇತ್ತು, ಅದಕ್ಕೆ ಗೆರೆ ಎಳೆದ. ಸ್ಕಾಟ್ಲೆಂಡಿನದು ಮಾತ್ರ ಒಂದೇ ವರ್ಷದ್ದು ಸಿಕ್ಕಿತ್ತು. ಒಂದು ವರ್ಷದ ಅಂಕಿಯಿಂದ ಏರಿಳಿತದ ಗೆರೆ ಎಳೆಯುವುದು ಹೇಗೆ? ಸುಳ್ಳು ಗೆರೆ ಎಳೆಯಲಿಲ್ಲ. ಇದ್ದಷ್ಟನ್ನೇ ಪಟ್ಟಿ ಪಟ್ಟಿಯಾಗಿ ತೋರಿಸಿದ, ಬೇರೆ ವರ್ಷದ ಅಂಕಿ ಇಲ್ಲ ಅಂತ ಪುಸ್ತಕದಲ್ಲೇ ಬರೆದ. ನಾವಿಂದು ಎಲ್ಲೆಲ್ಲೂ ಬಳಸುವ ಕಂಬದ ನಕ್ಷೆ "ನನ್ನ ಹತ್ತಿರ ಇಷ್ಟೇ ಇದೆ" ಅನ್ನುವ ಪ್ರಾಮಾಣಿಕತೆಯಿಂದ ಹುಟ್ಟಿದ್ದು!

ಕರಿಹಲಗೆಯ ವರ್ಷವೇ ಪವರ್‌ಪಾಯಿಂಟಿನ ವರ್ಷ

1987 ನಮ್ಮ ಶಾಲೆಗಳ ಚರಿತ್ರೆಯಲ್ಲಿ ಮುಖ್ಯವಾದ ವರ್ಷ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಕೇಂದ್ರ ಸರ್ಕಾರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಅನ್ನುವ ಯೋಜನೆ ಶುರು ಮಾಡಿತು. ಪ್ರಾಥಮಿಕ ಶಾಲೆಗಳಿಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಕರಿಹಲಗೆ, ಪಾಠೋಪಕರಣ ಕೊಡಬೇಕು ಅಂತ.

ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಫೋರ್‌ಥಾಟ್ ಅನ್ನುವ ಸಣ್ಣ ಕಂಪನಿ ಪವರ್‌ಪಾಯಿಂಟ್ ಎಂಬ ತಂತ್ರಾಂಶ ಮಾರಲು ಶುರು ಮಾಡಿತು. ರಾಬರ್ಟ್ ಗ್ಯಾಸ್ಕಿನ್ಸ್ 1984ರಲ್ಲಿ ಅದರ ಯೋಚನೆ ಬರೆದಿದ್ದ. ಡೆನಿಸ್ ಆಸ್ಟಿನ್ ಅದನ್ನು ಕಟ್ಟಿದವರಲ್ಲಿ ಮುಖ್ಯ. ಮೊದಲು ಇಟ್ಟುಕೊಂಡಿದ್ದ ಹೆಸರು ಪ್ರೆಸೆಂಟರ್. ಮೊದಲ ಆವೃತ್ತಿ ಆಪಲ್ ಕಂಪನಿಯ ಮ್ಯಾಕಿಂಟಾಶ್ ಕಂಪ್ಯೂಟರಿಗೆ ಮಾತ್ರ, ಅದೂ ಕಪ್ಪು ಬಿಳುಪು. ಆಗ ಅದರಲ್ಲಿ ಮಾಡಿದ ಹಾಳೆಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ ಓವರ್‌ಹೆಡ್ ಪ್ರೊಜೆಕ್ಟರಿನಲ್ಲಿ ತೋರಿಸಬೇಕಿತ್ತು. ಕೆಲವೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡಿತು. 1990ರಲ್ಲಿ ವಿಂಡೋಸ್ ಆವೃತ್ತಿ ಬಂತು. ಆಮೇಲೆ ಕೇಳಬೇಕೇ, ಪ್ರಪಂಚದ ಎಲ್ಲ ಕಚೇರಿಗಳಿಗೂ ನುಗ್ಗಿತು.

ನಾವು ಟಿಸಿಎಚ್ ಓದುವಾಗ ಡ್ರಾಯಿಂಗ್ ಶೀಟಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದು ಚಾರ್ಟು ಮಾಡುತ್ತಿದ್ದೆವು. ಒಂದು ಚಾರ್ಟಿಗೆ ಒಂದು ಸಂಜೆ. ಕಷ್ಟಪಟ್ಟು ಮಾಡಿದ್ದರಿಂದ ಅದರಲ್ಲಿ ಏನಿದೆ ಅಂತ ತಲೆಯೊಳಗೆ ಕೂತಿರುತ್ತಿತ್ತು. ಪವರ್‌ಪಾಯಿಂಟ್ ಆ ಶ್ರಮವನ್ನು ತೆಗೆದುಹಾಕಿತು. ಆದರೂ ಸ್ಲೈಡಿನಲ್ಲಿ ಏನು ಬರೆಯಬೇಕು ಅಂತ ಯೋಚಿಸುವ ಕೆಲಸ ಮನುಷ್ಯನಿಗೇ ಉಳಿದಿತ್ತು.

ಆಂಧ್ರಕ್ಕೂ ಈ ಸ್ಲೈಡಿಗೂ ಹಳೆಯ ನಂಟು. 1997ರಲ್ಲಿ ಬಿಲ್ ಗೇಟ್ಸ್ ಭಾರತಕ್ಕೆ ಬಂದಾಗ ಆಗಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ದೆಹಲಿಯಲ್ಲಿ ಅವರನ್ನು ಕಂಡು, ಲ್ಯಾಪ್‌ಟಾಪ್ ತೆರೆದು, ಹೈದರಾಬಾದಿಗೆ ಬನ್ನಿ ಅಂತ ಪವರ್‌ಪಾಯಿಂಟಿನಲ್ಲೇ ವಿವರಿಸಿದರು. ಪವರ್‌ಪಾಯಿಂಟ್ ಮಾರುವವನಿಗೇ ಪವರ್‌ಪಾಯಿಂಟ್! 1998ರಲ್ಲಿ ಮೈಕ್ರೋಸಾಫ್ಟಿನ ಅಭಿವೃದ್ಧಿ ಕೇಂದ್ರ ಹೈದರಾಬಾದಿನಲ್ಲಿ ಶುರುವಾಯಿತು. ಒಬ್ಬ ಮುಖ್ಯಮಂತ್ರಿ ವರ್ತಕನ ಹಾಗೆ ಸ್ಲೈಡು ಹಿಡಿದು ನಿಂತದ್ದು ಆಗ ದೇಶಕ್ಕೇ ಹೊಸದಾಗಿತ್ತು. ನಮ್ಮ ಪಕ್ಕದ ಪೆನುಕೊಂಡದ ಹತ್ತಿರ 2019ರಲ್ಲಿ ಕಿಯಾ ಕಾರುಗಳು ಹೊರಬರಲು ಶುರುವಾದ ಮೇಲೆ, ಬಂಡವಾಳ, ಪ್ರಾಜೆಕ್ಟು, ರಿಪೋರ್ಟು ಅನ್ನುವ ಮಾತುಗಳು ನಮ್ಮ ಟೀ ಅಂಗಡಿಗಳಿಗೂ ಬಂದವು.

ಒಂದು ಸ್ಲೈಡು ಮುಚ್ಚಿಟ್ಟ ಸತ್ಯ

ಸ್ಲೈಡಿನ ಅಪಾಯ ಏನು ಅಂತ ಹೇಳಲು ನಾನು ಯಾವಾಗಲೂ ಕೊಡುವ ಉದಾಹರಣೆ ಕಲ್ಪನಾ ಚಾವ್ಲಾ ಅವರದು. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಹಾರಿದಾಗ ಹೊರಗಿನ ಟ್ಯಾಂಕಿನಿಂದ ಕಳಚಿದ ಒಂದು ನೊರೆ ತುಂಡು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ, ಇದರಿಂದ ಅಪಾಯ ಇದೆಯೇ ಅಂತ ಎಂಜಿನಿಯರುಗಳು ನಾಸಾದವರಿಗೆ ಸ್ಲೈಡುಗಳಲ್ಲಿ ವಿವರಿಸಿದರು.

ಆ ಸ್ಲೈಡಿನ ತಲೆಬರಹ ಧೈರ್ಯ ಹೇಳುವ ಹಾಗಿತ್ತು. ಆದರೆ ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದ ಒಂದು ಸಾಲಿನಲ್ಲಿ ನಿಜವಾದ ವಿಷಯ ಇತ್ತು. ಬಡಿದ ತುಂಡು ಸುಮಾರು 1920 ಘನ ಅಂಗುಲ, ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಅಂಗುಲದ ತುಂಡನ್ನು. 1920ನ್ನು 3ರಿಂದ ಭಾಗಿಸಿ. 640 ಪಟ್ಟು! ಹಳೆಯ ಪರೀಕ್ಷೆ ಈ ಪೆಟ್ಟಿನ ಬಗ್ಗೆ ಏನೂ ಹೇಳಲಾರದು ಅನ್ನುವುದೇ ಅದರ ಅರ್ಥ. ತಲೆಬರಹ ಓದಿದವರಿಗೆ ಅದು ಕಾಣಲಿಲ್ಲ. ಫೆಬ್ರವರಿ 1ರಂದು ಕಲ್ಪನಾ ಸೇರಿ ಏಳು ಜನ ಹೋದರು. ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ವರದಿ, ತಾಂತ್ರಿಕ ವರದಿಗಳ ಜಾಗದಲ್ಲಿ ಪವರ್‌ಪಾಯಿಂಟ್ ಸ್ಲೈಡುಗಳನ್ನು ಬಳಸುವ ನಾಸಾದ ಅಭ್ಯಾಸವನ್ನೇ ಟೀಕಿಸಿತು. ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಇದೇ ಸ್ಲೈಡನ್ನು ಬಿಡಿಸಿ ತೋರಿಸಿದ್ದಾರೆ.

ಸ್ಲೈಡು ಒಂದರಿಂದಲೇ ಅನಾಹುತ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅಂದವಾಗಿ ಜೋಡಿಸಿದ ಮಾತು ಕೇಳುವವನ ಪ್ರಶ್ನೆಯನ್ನು ಮಲಗಿಸಿಬಿಡುತ್ತದೆ. ಅದೂ ಮನುಷ್ಯರೇ ಬರೆದ ಸ್ಲೈಡು, ವಿಷಯ ಗೊತ್ತಿದ್ದವರೇ ಬರೆದದ್ದು. ಇನ್ನು ವಿಷಯ ಗೊತ್ತಿಲ್ಲದ ಯಂತ್ರ ಬರೆದರೆ?

ಕನ್ನಡದ ಸ್ಲೈಡು

ಅದಕ್ಕೆ ಮೊದಲು ಕನ್ನಡದ ಮಾತು ಹೇಳಬೇಕು. ಬಹಳ ಕಾಲ ಸ್ಲೈಡಿನಲ್ಲಿ ಕನ್ನಡ ಬರೆಯುವುದೇ ಒಂದು ಸಾಹಸ ಆಗಿತ್ತು. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಗೆ ತಕ್ಕ ಕೀಲಿಮಣೆ ವಿನ್ಯಾಸ ಮಾಡಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಕಾಣಿಸಲು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ 'ತುಂಗಾ' ಅಕ್ಷರ ಬರಬೇಕಾಯಿತು. ಮನೆಯಲ್ಲಿ ನುಡಿಯಲ್ಲಿ ಬರೆದು ಸಿಡಿಯಲ್ಲಿ ಒಯ್ದು ಬೇರೆ ಕಂಪ್ಯೂಟರಿನಲ್ಲಿ ತೆಗೆದರೆ ಬರೀ ವಿಚಿತ್ರ ಚಿಹ್ನೆಗಳು! ಆ ಕಾಲ ಕಂಡವರಿಗೆ ಗೊತ್ತು. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ, ತೆಲುಗು ಎರಡೂ ಒಟ್ಟಿಗೆ ಸೇರಿದವು. 2022ರಲ್ಲಿ ಕೇಂದ್ರ ಸರ್ಕಾರ 'ಭಾಷಿಣಿ' ಶುರು ಮಾಡಿತು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. 2023ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಕೋಪೈಲಟ್ ಪ್ರಕಟಿಸಿತು. ಪವರ್‌ಪಾಯಿಂಟಿಗೆ "ಈ ಬರಹದಿಂದ ಸ್ಲೈಡು ಮಾಡು" ಅಂದರೆ ಮಾಡಿಕೊಡುವ ಸಹಾಯಕ ಅದು. ಗೂಗಲಿನ ಜೆಮಿನಿ, ಗಾಮಾ ಮುಂತಾದವೂ ಇದೇ ಕೆಲಸಕ್ಕೆ ಬಂದವು. ವಿಷಯ ಕೊಟ್ಟರೆ ಸಾಕು, ತಲೆಬರಹ, ಅಂಶಗಳು, ಚಿತ್ರ, ಬಣ್ಣ ಎಲ್ಲ ಅದರದೇ.

ಗಡಿಯವರಿಗೆ ಇದು ಸಣ್ಣ ಉಪಕಾರ ಅಲ್ಲ. ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಹೇಳಿದ್ದನ್ನು ಅದು ತೆಲುಗಿನ ಸ್ಲೈಡಾಗಿ, ಇಂಗ್ಲಿಷ್ ರಿಪೋರ್ಟಾಗಿ ಮಾಡಿಕೊಡುತ್ತದೆ. ಬ್ಯಾಂಕಿನಿಂದ ಬಂದ ಇಂಗ್ಲಿಷ್ ಕಾಗದವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತದೆ. ಮನ್ರೋ ಕಾಲದ ರೈತನಿಗೆ ಇಲ್ಲದ ದಾರಿ ಇವಳಿಗೆ ಇದೆ. ರಿಪೋರ್ಟು ಬರೆಸಲು ಯಾರಿಗೋ ಸಾವಿರಾರು ರೂಪಾಯಿ ಕೊಡುವುದು ತಪ್ಪುತ್ತದೆ. ಇದನ್ನು ಬೇಡ ಅನ್ನುವವನು ಮೂರ್ಖ.

ಆದರೆ ಈ ಯಂತ್ರಗಳು ಕಲಿತದ್ದು ಹೆಚ್ಚಾಗಿ ಇಂಗ್ಲಿಷ್ ಬರಹದಿಂದ. ಕನ್ನಡದ ಬರಹ ಅಂತರ್ಜಾಲದಲ್ಲಿ ಕಡಿಮೆ. 2024ರ ಮೇ ತಿಂಗಳಲ್ಲಿ ಚಾಟ್‌ಜಿಪಿಟಿಯ ಕಂಪನಿ ಹೊಸ ಮಾದರಿ ಬಿಟ್ಟಾಗ, ಪದಗಳನ್ನು ತುಂಡು ಮಾಡುವ ವಿಧಾನ ಸುಧಾರಿಸಿದೆ ಅಂತ ತೋರಿಸಲು 20 ಭಾಷೆಗಳ ಪಟ್ಟಿ ಕೊಟ್ಟಿತು. ಅದರಲ್ಲಿ ತೆಲುಗು ಇತ್ತು, ತಮಿಳು ಇತ್ತು, ಮರಾಠಿ ಇತ್ತು. ಕನ್ನಡ ಇರಲಿಲ್ಲ. ಹಾಗಂತ ಅದಕ್ಕೆ ಕನ್ನಡ ಬರುವುದಿಲ್ಲ ಅಂತಲ್ಲ, ಬರುತ್ತದೆ. ಆದರೆ ಅದು ಬರೆಯುವ ವ್ಯಾಪಾರದ ಕನ್ನಡ ಎಷ್ಟೋ ಸಲ ಇಂಗ್ಲಿಷಿಗೆ ಕನ್ನಡ ಅಂಗಿ ತೊಡಿಸಿದ ಹಾಗಿರುತ್ತದೆ. "ಸಂಪನ್ಮೂಲಗಳನ್ನು ಹತೋಟಿಗೆ ತರೋಣ" ಅಂತ ಬರೆದಿರುತ್ತದೆ. ಹೇಳಬೇಕಾದದ್ದು ಇಷ್ಟೇ, ಕೈಲಿರುವುದನ್ನು ಚೆನ್ನಾಗಿ ಬಳಸಿಕೊಳ್ಳೋಣ ಅಂತ. ಸಂತೆಯಲ್ಲಿ ಹತ್ತು ರೂಪಾಯಿಗೂ ಚೌಕಾಸಿ ಮಾಡುವ ಹೆಂಗಸಿಗೆ ತನ್ನದೇ ಸ್ಲೈಡು ಅರ್ಥವಾಗದಿದ್ದರೆ ಅದು ಯಾರ ಸ್ಲೈಡು?

ಯಂತ್ರದ ಅಂಕಿ, ನಮ್ಮ ಹುಣಸೆ

ಭಾಷೆಗಿಂತ ದೊಡ್ಡ ತೊಡಕು ಅಂಕಿಯದು. ಈ ಯಂತ್ರ ಓದಿದ ಕೋಟ್ಯಂತರ ಪುಟಗಳ ರೂಢಿ ನೋಡಿ, ಮುಂದಿನ ಪದ ಯಾವುದಿರಬಹುದು ಅಂತ ಊಹಿಸುತ್ತಾ ಬರೆಯುತ್ತದೆ. ವ್ಯಾಪಾರದ ಸ್ಲೈಡಿನಲ್ಲಿ ಸಾಮಾನ್ಯವಾಗಿ ಒಂದು ಶೇಕಡಾ ಇರುತ್ತದೆ, ಆದ್ದರಿಂದ ಅದೂ ಒಂದು ಶೇಕಡಾ ಹಾಕುತ್ತದೆ. ನಿಜವಾದ ಅಂಕಿ ಹುಡುಕಿ ತಂದದ್ದೂ ಇರಬಹುದು, ಹೊಂದುವ ಹಾಗೆ ಕಟ್ಟಿದ್ದೂ ಇರಬಹುದು. ಎರಡೂ ಒಂದೇ ಬಣ್ಣದಲ್ಲಿ ಒಂದೇ ಧೈರ್ಯದಲ್ಲಿ ಹೊಳೆಯುತ್ತವೆ. ಪ್ಲೇಫೇರನಿಗೆ ಅಂಕಿ ಇಲ್ಲದಿದ್ದಾಗ ಇಲ್ಲ ಅಂತ ಬರೆದ. ಈ ಯಂತ್ರಕ್ಕೆ ಖಾಲಿ ಜಾಗ ಬಿಡುವುದು ಕಷ್ಟ.

ಇದು ಹಳ್ಳಿಯವರಿಗೆ ಮಾತ್ರ ಆಗುವ ಮೋಸ ಅಂದುಕೊಳ್ಳಬೇಡಿ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ, ಎಲ್ಲೂ ನಡೆಯದ ಮೊಕದ್ದಮೆಗಳನ್ನು ಕೋರ್ಟಿಗೆ ಬರೆದುಕೊಟ್ಟರು. ನ್ಯಾಯಾಧೀಶರು 5000 ಡಾಲರ್ ದಂಡ ಹಾಕಿದರು. 2025ರಲ್ಲಿ ಆಸ್ಟ್ರೇಲಿಯಾ ಸರ್ಕಾರಕ್ಕೆ ಸುಮಾರು 4.4 ಲಕ್ಷ ಆಸ್ಟ್ರೇಲಿಯನ್ ಡಾಲರಿನ ವರದಿ ಬರೆದುಕೊಟ್ಟ ಡೆಲಾಯ್ಟ್ ಸಂಸ್ಥೆ, ಅದರಲ್ಲಿ ಇಲ್ಲದ ಪುಸ್ತಕಗಳ ಉಲ್ಲೇಖ, ತೀರ್ಪಿನಲ್ಲಿ ಇಲ್ಲದ ಮಾತು ಸೇರಿದ್ದಕ್ಕೆ ಹಣದ ಒಂದು ಭಾಗ ವಾಪಸು ಕೊಡಲು ಒಪ್ಪಿತು. ವರದಿ ತಯಾರಿಕೆಯಲ್ಲಿ ಎಐ ಬಳಸಿದ್ದು ಬಯಲಾಯಿತು. ಅಷ್ಟು ಓದಿದವರಿಗೇ ಹೀಗಾದರೆ ನಮ್ಮ ಗತಿ?

ಆದರೆ ಒಂದು ಕಡೆ ನಾವು ಅವರಿಗಿಂತ ಗಟ್ಟಿ. ನಮ್ಮ ಸರಕು ನಮಗೆ ಗೊತ್ತು. ಒಂದು ಲೆಕ್ಕ ಹಾಕೋಣ. ನಮ್ಮ ಕಡೆಯ ಒಂದು ಗುಂಪು ಹುಣಸೆಹಣ್ಣು ಕುಟ್ಟಿ, ಬೀಜ ನಾರು ತೆಗೆದು, ಪೊಟ್ಟಣ ಮಾಡಿ ಮಾರುವ ಘಟಕ ಹಾಕಬೇಕು ಅಂದುಕೊಳ್ಳಿ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆ 2020ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ಖರ್ಚಿನ ಶೇಕಡಾ 35, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದರು. ಅಂಥದ್ದಕ್ಕೆ ಹೋದರೂ ಪ್ರಾಜೆಕ್ಟ್ ರಿಪೋರ್ಟ್ ಬೇಕೇ ಬೇಕು.

ದರಗಳು ಲೆಕ್ಕಕ್ಕಾಗಿ ನಾನು ಹಿಡಿದವು, ಮಾರುಕಟ್ಟೆಯವಲ್ಲ. ಮರದಿಂದ ಇಳಿಸಿದ 100 ಕೆಜಿ ಹಣ್ಣಿಗೆ ಕೆಜಿಗೆ 40 ರೂಪಾಯಿಯಂತೆ 4000. ಕೂಲಿ ಮತ್ತು ಇತರೆ 1000. ಒಟ್ಟು 5000. ಬೀಜ ತೆಗೆದ ಹಣ್ಣು ಕೆಜಿಗೆ 120 ರೂಪಾಯಿಗೆ ಮಾರಾಟ. ಯಂತ್ರ 100 ಕೆಜಿಗೆ 80 ಕೆಜಿ ಹಣ್ಣು ಬರುತ್ತದೆ ಅಂತ ಹಿಡಿದರೆ ಬರುವುದು 9600, ಲಾಭ 4600. ಸ್ಲೈಡು ನೋಡಿದವರೆಲ್ಲ ಚಪ್ಪಾಳೆ ಹೊಡೆಯುತ್ತಾರೆ!

ಆದರೆ ಮನೆಯ ಅಜ್ಜಿಯನ್ನು ಕೇಳಿ, ನಗುತ್ತಾಳೆ. ಹುಣಸೆಯಲ್ಲಿ ಸರಿಸುಮಾರು ಅರ್ಧ ಭಾಗ ಮಾತ್ರ ತಿರುಳು, ಮೂರನೇ ಒಂದು ಭಾಗ ಬೀಜ, ಉಳಿದದ್ದು ಸಿಪ್ಪೆ ನಾರು. ಪುಸ್ತಕಗಳಲ್ಲೂ ಸುಮಾರು 55, 34, 11 ಅಂತಲೇ ಇದೆ. 55 ಕೆಜಿಗೆ ಬರುವುದು 6600. ಲಾಭ 1600. ಸ್ಲೈಡಿನ ಲಾಭದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. 4600ರ ನಂಬಿಕೆಯ ಮೇಲೆ ಕಂತು ಕಟ್ಟುತ್ತೇವೆ ಅಂತ ಬರೆದುಕೊಟ್ಟರೆ ಕಂತಿನ ದಿನ ಬ್ಯಾಂಕಿನವರು ಯಂತ್ರವನ್ನು ಹುಡುಕಿಕೊಂಡು ಬರುವುದಿಲ್ಲ. ಸಹಿ ಮಾಡಿದ ಹೆಣ್ಣುಮಕ್ಕಳ ಬಾಗಿಲಿಗೆ ಬರುತ್ತಾರೆ. ಗುಂಪಿನ ಸಾಲದಲ್ಲಿ ಒಬ್ಬಳು ತಪ್ಪಿದರೆ ಉಳಿದವರ ಮರ್ಯಾದೆಯೂ ಹೋಗುತ್ತದೆ. ಇಲ್ಲಿ ಪಣಕ್ಕಿರುವುದು ಅದು.

ಚರಿತ್ರೆ ಹೇಳುವುದೇನು?

ಕಲ್ಲಿನ ಶಾಸನ, ಕಡತ, ನಕ್ಷೆ, ಚಾರ್ಟು, ಪವರ್‌ಪಾಯಿಂಟ್, ಎಐ. ಒಂದೊಂದು ಹೆಜ್ಜೆಗೂ ಕೈಯ ಶ್ರಮ ಕಡಿಮೆ ಆಗುತ್ತಾ ಬಂತು. ಪವರ್‌ಪಾಯಿಂಟ್‌ವರೆಗೆ ಕಡಿಮೆ ಆದದ್ದು ಬರೆಯುವ, ಜೋಡಿಸುವ ಶ್ರಮ. ಎಐ ಮೊದಲ ಬಾರಿಗೆ ಯೋಚಿಸುವ ಶ್ರಮಕ್ಕೇ ಕೈ ಹಾಕಿದೆ. ಕಡತದ ಕಾಲದಲ್ಲಿ ಬರೆದವನು, ಹೇಳುವವನು, ಹೊಣೆ ಹೊರುವವನು ಒಬ್ಬನೇ ಇದ್ದ ಅಂತ ಆಗಲೇ ಹೇಳಿದೆನಲ್ಲ. ಈಗ ಬರೆಯುವುದು ಯಂತ್ರ, ಹೇಳುವುದು ನಾವು, ಹೊಣೆಯೂ ನಮ್ಮದೇ.

ಆದ್ದರಿಂದ ನನ್ನ ಹತ್ತಿರ ಕೇಳಿದವರಿಗೆ ನಾನು ಹೇಳುವುದು ಮೂರು ಮಾತು.

ಒಂದು, ಅಂಕಿಗಳನ್ನು ನೀವು ಕೊಡಿ, ಯಂತ್ರದಿಂದ ತೆಗೆದುಕೊಳ್ಳಬೇಡಿ. ಮೊದಲು ನೋಟ್‌ಬುಕ್ಕಿನಲ್ಲಿ ನಿಮ್ಮ ಕೈಯಲ್ಲೇ ಖರ್ಚು, ಆದಾಯ ಬರೆಯಿರಿ. ಆಮೇಲೆ "ಇವಿಷ್ಟನ್ನೇ ಬಳಸಿ ಸ್ಲೈಡು ಮಾಡು, ಇಲ್ಲದ ಅಂಕಿ ಸೇರಿಸಬೇಡ" ಅಂತ ಹೇಳಿ. ಹಾಗೆ ಹೇಳಿದ ಮೇಲೂ ಒಂದೊಂದನ್ನೂ ನೋಟ್‌ಬುಕ್ಕಿನ ಜೊತೆ ತಾಳೆ ನೋಡಿ.

ಎರಡು, ಸ್ಲೈಡು ಯಾವ ಭಾಷೆಯಲ್ಲಾದರೂ ಇರಲಿ, ಅದನ್ನು ಮೊದಲು ಮನೆಯವರಿಗೆ ಕನ್ನಡದಲ್ಲಿ ಹೇಳಿ ನೋಡಿ. ಎಲ್ಲಿ ಮಾತು ತಡವರಿಸುತ್ತದೋ ಅಲ್ಲಿ ನಿಮಗೆ ಅರ್ಥವಾಗಿಲ್ಲ ಅಂತ ಲೆಕ್ಕ. ಆ ಸ್ಲೈಡು ತೆಗೆದುಬಿಡಿ, ಇಲ್ಲ ಕಲಿತುಕೊಳ್ಳಿ.

ಮೂರು, ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ಬ್ಯಾಂಕಿನವರು ಕೇಳಿದರೆ "ಇದನ್ನ ಇನ್ನೂ ವಿಚಾರಿಸಬೇಕು ಸಾರ್" ಅನ್ನಿ. ಖಾಲಿ ಜಾಗದಿಂದ ಸಾಲ ತಡವಾಗಬಹುದು. ಸುಳ್ಳು ಅಂಕಿಯಿಂದ ಸಾಲ ಬೇಗ ಸಿಕ್ಕಿ, ಮನೆ ಮುಳುಗಬಹುದು.

ನಮ್ಮ ಕನ್ನಡ ಮಾಧ್ಯಮದ ಮಕ್ಕಳು ದೊಡ್ಡವರಾಗಿ ಇಂಗ್ಲಿಷ್, ತೆಲುಗು ಸ್ಲೈಡುಗಳ ಮುಂದೆ ನಿಲ್ಲಬೇಕಾಗುತ್ತದೆ ಅಂತ ನಮಗೆ ಗೊತ್ತು. ಭಾಷೆಯ ಗೋಡೆಯಲ್ಲಿ ಎಐ ಒಂದು ಬಾಗಿಲು ತೆಗೆದುಕೊಟ್ಟಿದೆ, ಒಳ್ಳೆಯದೇ. ಬಾಗಿಲು ದಾಟಿದ ಮೇಲೆ ಆಡುವ ಮಾತು ಮಾತ್ರ ಮಗುವಿನದೇ ಆಗಿರಬೇಕು. ಅದಕ್ಕೆ ಬೇಕಾದದ್ದು ಶೇಕಡಾ ಲೆಕ್ಕ, ಲಾಭ ನಷ್ಟದ ಲೆಕ್ಕ, ಮತ್ತು "ಈ ಅಂಕಿ ಎಲ್ಲಿಂದ ಬಂತು?" ಅಂತ ಎದ್ದುನಿಂತು ಕೇಳುವ ಧೈರ್ಯ. ಇವನ್ನು ಕಲಿಸಲು ನಮಗೆ ಕರಿಹಲಗೆ, ಸೀಮೆಸುಣ್ಣ ಈಗಲೂ ಸಾಕು.

ನಿಮ್ಮ ಊರಲ್ಲಿ ಯಾರಾದರೂ ಎಐ ಮಾಡಿದ ಸ್ಲೈಡು ತೋರಿಸಿದರೆ ಹೊಗಳಿ, ತಪ್ಪಿಲ್ಲ. ಜೊತೆಗೆ ಅದರ ಒಂದು ಅಂಕಿಯ ಮೇಲೆ ಬೆರಳಿಟ್ಟು "ಇದು ಎಲ್ಲಿಂದ ತಂದಿರಿ ಅಣ್ಣಾ?" ಅಂತಲೂ ಕೇಳಿ. ಉತ್ತರ ಬಂದರೆ ಅವರು ವ್ಯಾಪಾರ ಮಾಡುತ್ತಾರೆ. ಬಾರದಿದ್ದರೆ, ಸಾಲಕ್ಕೆ ಸಹಿ ಹಾಕುವ ಮೊದಲೇ ಅವರನ್ನು ನೀವು ಉಳಿಸಿದ ಹಾಗಾಯಿತು.